ಕಂಬಳಿ ಹೊದ್ದು ಪೈನ್ ಓಣಿಯಲ್ಲಿ

ದೇವದುರ್ಗದ ಹತ್ತಿರದ ಊರಿನಲ್ಲಿ ನನ್ನ ಅಕ್ಕ ಕುರಿ ಸಾಕಿದ್ದಾಳೆ. ನಮ್ಮಲ್ಲಿ ಕುರಿಯ ಹಿಂಗಾಲು ಹಿಡಿದು ನಿಲ್ಲಿಸಿಯೇ ಹುಳದ ಔಷಧ ಕುಡಿಸುವುದು. ಒಮ್ಮೆ ಹಾಗೆ ಹಿಡಿದಾಗ ಟಗರೊಂದು ಅವಳನ್ನು ಎಳೆದುಕೊಂಡು ಹೋಗಿ ಮುಂಗೈ ಮೂಳೆ ಮುರಿಯಿತು. ಮೂಳೆ ಕೂಡಿತು, ಹಿಡಿತ ಮಾತ್ರ ಮರಳಲಿಲ್ಲ. ಅಂದಿನಿಂದ ಅವಳ ಗಂಡ, ನನ್ನ ಮಾಮಾ, ಮಂದಿ ಕರೆದು ಔಷಧ ಹಾಕಿಸುತ್ತಿದ್ದರು. ಅಕ್ಕ ಹೊರಸಿನ ಮೇಲೆ ಕೂತು ಎಲ್ಲರನ್ನೂ ಬೈಯುತ್ತಿದ್ದಳು.

"ತಮ್ಮಾ, ನನ್ನ ಕುರಿಗೆ ನನ್ನ ಕೈಲೇ ಔಷಧ ಹಾಕಬೇಕು. ಯುನಿವರ್ಸಿಟಿ ಓದೀಯಲ್ಲ, ಅಷ್ಟು ಮಾಡಿಕೊಡು."

ಒಂದೊಂದೇ ಕುರಿ ಹಾಯುವಂಥ ಇಕ್ಕಟ್ಟಾದ ಹಲಗೆಯ ಓಣಿ ಮಾಡೋಣ ಎಂದೆ. ಜಾಲಿ ಕಟ್ಟಿಗೆ ಗಟ್ಟಿ, ಆದರೆ ಎತ್ತಿಡಲು ಅಕ್ಕನ ಕೈಗೆ ಭಾರ. ಹಾಗಾಗಿ ರಾಯಚೂರಿನ ಕಟ್ಟಿಗೆ ಮಿಲ್ಲಿನಲ್ಲಿ ಆಗಷ್ಟೇ ಕೊಯ್ದ ಹಗುರ ಪೈನ್ ಹಲಗೆ ತಂದೆ. ಹಡಗಿನಲ್ಲಿ ಬಂದ ದಿಮ್ಮಿ ಎಂದು ಮಿಲ್ಲಿನವನು ಹೇಳಿದ ನೆನಪು; ಹಡಗನ್ನು ನಾನೇ ಸೇರಿಸಿಕೊಂಡಿರಲೂಬಹುದು. ಹಲಗೆ ಹೇರಿದ ಟಂಟಂ ಗಾಡಿಯ ತುಂಬ ಆ ಮರದ ಅಂಟಿನ ವಾಸನೆ ಇದ್ದದ್ದಂತೂ ನಿಜ.

ಗೆದ್ದಲು ಹತ್ತದಂತೆ ಹಲಗೆಗೆ ಇಂಜಿನ್ನಿನ ಸುಟ್ಟ ಆಯಿಲ್ ಬಳಿಯಲು ಹೊರಟೆ. ಅಕ್ಕ ಡಬ್ಬಿ ಕಸಿದುಕೊಂಡಳು.

"ಹಚ್ಚಬ್ಯಾಡ. ಮರಿ ನೆಕ್ತಾವ."

"ಹಚ್ಚದಿದ್ರ ಹಲಗಿ ಒಂದು ಮಳಿಗಾಲನೂ ತಡಿಯಂಗಿಲ್ಲ ಯಕ್ಕಾ."

ಆಗ ನನಗೇ ಹೊಳೆಯಿತು: ಇವರ ಹಟ್ಟಿ ಒಂದೇ ಕಡೆ ಎಲ್ಲಿ ನಿಲ್ಲುತ್ತದೆ? ಭತ್ತ ಕೊಯ್ದ ಮೇಲೆ ಮಾನ್ವಿ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ಹೋಗುತ್ತಾರೆ. ಹಲಗೆಯನ್ನು ನೆಲದಲ್ಲಿ ಹೂಳುವುದೇ ಬೇಡ; ಮಣ್ಣು ತಾಗದಿದ್ದರೆ ಗೆದ್ದಲೂ ಹತ್ತದು. ಚೌಕಟ್ಟು ಮಾಡಿ, ಪರ್ಸಿ ಕಲ್ಲಿನ ಚಪ್ಪಡಿಗಳ ಮೇಲೆ ನಿಲ್ಲಿಸಿ, ಹಗ್ಗದಿಂದ ಕಟ್ಟಿದೆವು.

ಬೆಳ್ಳಗೆ ಹೊಳೆಯುವ ಓಣಿ ಸಿದ್ಧವಾಯಿತು. ಒಂದು ಕುರಿಯೂ ಒಳಗೆ ಕಾಲಿಡಲಿಲ್ಲ. ಹೊಸ ವಾಸನೆಗೆ ಮೂಗು ಚಾಚಿ, ಸೀನಿ, ಹಿಂದೆ ಸರಿದವು.

ಮಾಮಾ ಬಿದ್ದು ಬಿದ್ದು ನಕ್ಕರು. "ಮದುವಿ ಹಂದರ ಹಾಕಿದಂಗ ಅದಲೇ! ಕುರಿ ನಾಚ್ಯಾವ."

ಅಕ್ಕ ನಗಲಿಲ್ಲ. ತನ್ನ ಹಳೇ ಕಂಬಳಿ ತಂದು ನನ್ನ ಮೇಲೆ ಹೊದಿಸಿದಳು. "ಇದರ ವಾಸನಿ ಅವಕ್ಕ ಗೊತ್ತದ. ಮುಂದ ನಡಿ."

ನಡೆದೆ. ಹಿಂಡಿನ ಮುಂದಾಳು ಆಡು ಕಂಬಳಿಯ ಅಂಚು ಜಗಿಯುತ್ತ ಬೆನ್ನು ಹತ್ತಿತು. ಅದರ ಹಿಂದೆ ಒಂದು ಕುರಿ, ಮತ್ತೊಂದು, ಆಮೇಲೆ ನೂಕುನುಗ್ಗಲು. ಅಕ್ಕ ಹಲಗೆಯಾಚೆ ನಿಂತು ಪಿಚಕಾರಿಯಿಂದ ಬಾಯಿಗೆ ಔಷಧ ಬಿಡುತ್ತ, "ಬಾರವ್ವಾ ಕಳ್ಳಿ!" ಎಂದು ಒಂದೊಂದನ್ನೇ ಮಾತಾಡಿಸಿದಳು. ಯಾರೂ ಯಾವ ಕಾಲನ್ನೂ ಹಿಡಿಯಲಿಲ್ಲ.

ನಾನು ಅಂಬೆಗಾಲಿಟ್ಟು ಹೋದೆ ಎಂದು ಗಂಡ ಹೆಂಡತಿ ಇಬ್ಬರೂ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ನನ್ನ ನೆನಪಿನಲ್ಲಿ ನಾನು ನೆಟ್ಟಗೆ, ಸ್ವಲ್ಪ ಗಂಭೀರವಾಗಿಯೇ ನಡೆದಿದ್ದೇನೆ. ಹಲಗೆ ನನ್ನ ಸೊಂಟದ ಮಟ್ಟಕ್ಕಿತ್ತು, ಮೇಲೆ ಆಕಾಶ. ಬಗ್ಗುವ ಕಾರಣವೇ ಇರಲಿಲ್ಲ. ಹೀಗೆ ವಾದ ಹೂಡಿ ಹೂಡಿ ಅವರ ನೆನಪೇ ತಪ್ಪೆಂದು ತೀರ್ಮಾನಿಸಿದ್ದೆ.

ಈ ಸಲ ಮಾನ್ವಿಯ ಗದ್ದೆಗೆ ಹೋದೆ. ಹಲಗೆಗಳು ಬೂದುಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಆಡಿನ ಹಲ್ಲಿನ ಗುರುತು ಹೊತ್ತು, ಪೂರ್ತಿ ಕುರಿಯದೇ ವಾಸನೆ ಬೀರುತ್ತಿದ್ದವು. ಗೆದ್ದಲಿನ ಸುಳಿವಿಲ್ಲ. ಮಾಮಾ ಸಂತೆಗೆ ಹೋಗಿದ್ದರು. ಅಕ್ಕ ಒಬ್ಬಳೇ ಚೌಕಟ್ಟು ಎತ್ತಿ ಕಟ್ಟಿ, ಇಡೀ ಹಿಂಡಿಗೆ ಔಷಧ ಹಾಕಿ ಮುಗಿಸುತ್ತಿದ್ದಳು. ಕಂಬಳಿ ಬೇಲಿಯ ಮೇಲಿತ್ತು.

ಈಗ ಪರೀಕ್ಷೆ ಮಾಡಿಬಿಡೋಣವೆಂದು ಅದನ್ನು ಹೊದ್ದು ಓಣಿಗೆ ಇಳಿದೆ. ನೆಟ್ಟಗೆ ನಡೆದೆ, ತುದಿಯವರೆಗೂ. ತುದಿಯಲ್ಲಿ ಎರಡೂ ಬದಿಯನ್ನು ಬಿಗಿದ ಅಡ್ಡಪಟ್ಟಿ ಹೊಟ್ಟೆಗೆ ತಾಗಿತು. ಅದಕ್ಕೆ ಹೊಡೆದ ಸೊಟ್ಟ ಮೊಳೆ ತುಕ್ಕು ಹಿಡಿದಿತ್ತು; ಓಣಿ ಕಟ್ಟಿದ ದಿನ ನಾನೇ ಹೊಡೆದದ್ದು, ಅನುಮಾನವಿಲ್ಲ.

ಮಂಡಿಯೂರಿ ಪಟ್ಟಿಯ ಕೆಳಗೆ ತಲೆ ತೂರಿಸಿದೆ. ಆಚೆ ಪಿಚಕಾರಿ ಹಿಡಿದು ಅಕ್ಕ ನಿಂತಿದ್ದಳು.

"ಬಾಯಿ ತೆಗಿ" ಎಂದಳು.