ಇನ್ನೊಂಚೂರು ತೆಗೀಲಾ?

ನಿನ್ನ ಮದುವೆ ಬ್ಲಾಗಿಗೆ ವಧೂವರರ ಪರಿಚಯ ನೀನೇ ಬರೆದುಕೊಡು ಎಂದು ತಂಗಿ ಗಂಟುಬಿದ್ದಾಗ ‘ಇನ್ನೊಂಚೂರು’ ನಾಳೆ ನಾಳೆ ಎಂದು ಮುಂದೂಡಿದಳು. ಎರಡು ದೇಶದ ನೆಂಟರಿಷ್ಟರು ತಂತಮ್ಮ ಭಾಷೆಯಲ್ಲಿ ಓದುವ ಬ್ಲಾಗು ಅದು. ಇನ್ನೂ ಮುಖತಃ ಕಾಣದ ಭಾವೀ ಅತ್ತೆಯೂ ಓದುತ್ತಾರೆ.

ಅವಳಿಗೆ ಈ ಹೆಸರು ಬಂದದ್ದು ಕಸುಬಿನಿಂದ. ಅಪ್ಪನಿಂದ ಬಂದ ಕ್ಷೌರದಂಗಡಿ ಅವಳದು. ಗಿರಾಕಿ ಬಾಯಿಬಿಟ್ಟು ‘ಸಾಕು’ ಅನ್ನುವವರೆಗೆ ಕತ್ತರಿ ಕೆಳಗಿಡಬಾರದು ಎಂಬುದು ಅಪ್ಪನ ಪಾಠ. ಹಾಗಾಗಿ ಎರಡು ಸಲ ಕತ್ತರಿ ಆಡಿಸಿದರೆ ಒಂದು ಸಲ “ಇನ್ನೊಂಚೂರು ತೆಗೀಲಾ?” ಎಂದು ಕೇಳುತ್ತಾಳೆ. ಬೀದಿಯವರು ಅದನ್ನೇ ಹೆಸರು ಮಾಡಿಬಿಟ್ಟರು. ಅವರಿಗೇನು, ಬಿಟ್ಟಿ ನಾಮಕರಣ!

ಒಂದು ದಿನ ಅಂಗಡಿಗೆ ಹೊಸ ಕನ್ನಡಿ ಕೂರಿಸಲು ಕಡಲಾಚೆಯ ದೇಶದ ಗಾಜಿನ ಕೆಲಸದವನೊಬ್ಬ ಬಂದ. ಕನ್ನಡಿ ನೆಟ್ಟಗಿದೆಯೇ ಎಂದು ನೋಡಲು ಕುರ್ಚಿಯಲ್ಲಿ ಕೂತ. ತಲೆ ತುಂಬ ಗುಂಗುರು ಕೂದಲು. ಇವಳ ಕೈ ಸುಮ್ಮನಿದ್ದೀತೇ? ಬಟ್ಟೆ ಹೊದಿಸಿಯೇಬಿಟ್ಟಳು.

“ಇನ್ನೊಂಚೂರು ತೆಗೀಲಾ?”

“ಹ್ಞೂಂ.”

ಕಿವಿಯ ಮೇಲಿನದು ಹೋಯಿತು. ಮತ್ತೆ ಕೇಳಿದಳು. ಮತ್ತೆ ಹ್ಞೂಂ. ನೆತ್ತಿಯದೂ ಹೋಯಿತು. ಕೊನೆಗೆ ಹೊಸ ಕನ್ನಡಿಯೊಳಗೆ ಸುಲಿದ ಮೊಟ್ಟೆಯಂಥ ತಲೆಯೊಂದು ಪೆಚ್ಚುಪೆಚ್ಚಾಗಿ ನಗುತ್ತಿತ್ತು.

ಆಮೇಲೆ ಕೂದಲು ತುಸು ಚಿಗುರಿದಾಗಲೆಲ್ಲ ಬಂದು ಕೂರತೊಡಗಿದ. ಬೋಳು ತಲೆಯೇ ಇಷ್ಟವಿರಬೇಕು ಪಾಪ ಎಂದುಕೊಂಡು ಅವಳೂ ನುಣ್ಣಗೆ ಮಾಡಿ ಕಳಿಸಿದಳು. ಇಲ್ಲದ ಕೂದಲಿಗೆ ಇಷ್ಟು ಸಲ ಕ್ಷೌರ ಮಾಡಿಸುವವನ ಕಣ್ಣು ಎಲ್ಲಿದೆ ಎಂದು ಬೀದಿಗೆಲ್ಲ ಗೊತ್ತಾಯಿತು, ಅವಳಿಗೆ ಎಲ್ಲರಿಗಿಂತ ಕೊನೆಗೆ. ಅಂತೂ ನಿಶ್ಚಿತಾರ್ಥ ಆಯಿತು.

ಬ್ಲಾಗಿಗೆ ಫೋಟೋ ತೆಗೆಯಲೆಂದು ಅವನ ಕೋಣೆಗೆ ಹೋದವಳಿಗೆ ಕಿಟಕಿಯಲ್ಲಿ ಸಾಲಾಗಿ ನಿಂತ ತಲೆಗೆ ಹಚ್ಚುವ ಎಣ್ಣೆ ಬಾಟಲಿಗಳು ಕಂಡವು.

“ಇದೇನೋ, ಎಣ್ಣೆ ಅಂಗಡಿ ಇಟ್ಟಿದೀಯಾ?”

“ಅಮ್ಮ ಕಳಿಸ್ತಾರೆ. ಕೂದಲೆಲ್ಲ ಉದುರಿ ಹೋಯ್ತು ಅಂತ ಹೇಳಿದೀನಿ.”

“ಉದುರ್ತಾ? ನಾನು ಕೇಳಿ ಕೇಳಿ ತೆಗೆದಿದ್ದಲ್ವಾ! ಸಾಕು ಅನ್ನೋಕೆ ನಿನಗೇನು ಧಾಡಿ?”

ಅವನು ತಲೆ ಸವರಿಕೊಂಡ. “ನಮ್ಮಲ್ಲಿ ಹೊರಗಿನವರು ಕೆಲಸ ಮಾಡ್ತಿರುವಾಗ ಸಾಕು ಅನ್ನಬಾರದು. ನಿನ್ನ ಕೈ ಚೆನ್ನಾಗಿಲ್ಲ, ಹೋಗು ಅಂದ ಹಾಗಾಗುತ್ತೆ. ಮನೆಯವರಿಗಾದರೆ ಹೇಳಬಹುದು. ಬೈದೂ ಹೇಳಬಹುದು.”

“ಹಾಗಾದ್ರೆ ನಾನಿನ್ನೂ ಹೊರಗಿನವಳಾ?”

“ಮದುವೆ ಆಗಲಿ ಅಂತ ಕಾಯ್ತಿದ್ದೆ.”

ಅಯ್ಯೋ ದೇವರೇ! ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು. ಈಗ ಪರಿಚಯ ಬರೆಯುವುದು ಹೇಗೆ? ನಿಜ ಬರೆದರೆ ಒಬ್ಬನೇ ಮಗನ ತಲೆ ಬೋಳು ಮಾಡಿದವಳು ಇವಳೇ ಎಂದು ಅತ್ತೆಗೆ ತಿಳಿಯುತ್ತದೆ. ಸುಳ್ಳು ಬರೆದರೆ ಆ ತಾಯಿ ಬದುಕಿರುವತನಕ ಎಣ್ಣೆ ಕಳಿಸುತ್ತಾರೆ. ಅತ್ತ ದರಿ, ಇತ್ತ ಪುಲಿ. ಆದರೆ ಬಾಟಲಿಗಳ ಮೇಲೆ ತಾಯಿ ಕೈಯಾರೆ ಸುತ್ತಿದ್ದ ದಾರ ನೋಡಿದ ಮೇಲೆ ಸುಳ್ಳು ಬರೆಯಲು ಅವಳಿಗೆ ಮನಸ್ಸಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಬರೆದಳು. ಓದಿದವರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆಯ ಎಣ್ಣೆ ಮಾತ್ರ ಅಂದಿನಿಂದ ನಿಂತುಹೋಯಿತು.

ಮದುವೆಯ ವಾರ ಅತ್ತೆ ಬಂದರು. ಮನೆಗಲ್ಲ, ಪೆಟ್ಟಿಗೆ ಸಮೇತ ನೆಟ್ಟಗೆ ಅಂಗಡಿಗೆ. ಮುಖ ಬಿಗಿದುಕೊಂಡೇ ಕುರ್ಚಿಯಲ್ಲಿ ಕೂತು ನೀಳವಾದ ನರೆಗೂದಲು ಬಿಚ್ಚಿದರು. ಹಿಂದೆ ನಿಂತ ಮಗನ ಮುಖ ಬಿಳಿಚಿಕೊಂಡಿತು.

‘ಇನ್ನೊಂಚೂರು’ ತುದಿ ಕತ್ತರಿಸಿದಳು. “ಇನ್ನೊಂಚೂರು ತೆಗೀಲಾ ಅಮ್ಮಾ?”

ಅತ್ತೆ ಹ್ಞೂಂ ಎಂಬಂತೆ ತಲೆಯಾಡಿಸಿದರು.

ಬೆನ್ನಿನವರೆಗಿದ್ದದ್ದು ಹೆಗಲಿಗೆ ಬಂತು. “ಇನ್ನೊಂಚೂರು?” ಮತ್ತೆ ತಲೆಯಾಡಿಸಿದರು. ಕೂದಲು ಕುತ್ತಿಗೆಗೆ ಬಂತು. ಆಯಿತು, ನಾನು ಇವರಿಗೆ ಹೊರಗಿನವಳೇ ಎಂದುಕೊಂಡಳು. ಕಣ್ಣಲ್ಲಿ ನೀರಾಡಿ ಕತ್ತರಿಯೂ ಸರಿಯಾಗಿ ಕಾಣಲಿಲ್ಲ. ಆದರೂ ಅಪ್ಪನ ಪಾಠ ಬಿಡುವಂತಿಲ್ಲವಲ್ಲ.

“ಇನ್ನೊಂಚೂರು ತೆಗೀಲಾ?”

ಅತ್ತೆ ಕನ್ನಡಿಯೊಳಗಿನಿಂದ ಅವಳನ್ನು ದುರುಗುಟ್ಟಿ ನೋಡಿದರು. ಮಗನಿಂದ ಕಲಿತು ಬಂದಿದ್ದ ನಾಲ್ಕು ಮಾತನ್ನು ತಡವರಿಸುತ್ತಾ ಜೋಡಿಸಿದರು.

“ಸಾಕು ನಿಲ್ಲಿಸೇ ಹುಡುಗೀ! ಮನೆಯವರನ್ನೆಲ್ಲಾ ನುಣ್ಣಗೆ ಮಾಡ್ತೀಯಾ?”