ಮಾಳಪ್ಪನ ಬೆನ್ನಿನ ಬರೆ

ಭಾಲ್ಕಿಯ ಬಸ್ಸು ಬೀದರ ಬಿಟ್ಟಾಗ ಬಿಸಿಲು ಇನ್ನೂ ಏರಿರಲಿಲ್ಲ. ಜನವರಿಯ ಚಳಿ, ನನ್ನ ಪಕ್ಕದ ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ನೌಬಾದ ದಾಟಿದ ಮೇಲೆ ಮಫ್ಲರನ್ನು ಕಿವಿಗೆ ಸುತ್ತಿಕೊಂಡು, ಮರುದಿನ ವಕೀಲರ ಮುಂದೆ ಹೇಳಬೇಕಾದ ಮಾತನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡೆ: ಮಾಳಪ್ಪನ ಬೆನ್ನಿಗೆ ಬರೆ ಹಾಕಿದಾಗ ನಾನು ಅಲ್ಲಿದ್ದೆ. ಅವನ ಕಾಲು ಹಿಡಿದುಕೊಂಡಿದ್ದೆ.

ಮಾಳಪ್ಪ ಔರಾದಿನಲ್ಲಿ ನನ್ನ ಜೊತೆ ಓದಿದವನು. ಕುರಿ ಸಾಕುವ ಮನೆಯಿಂದ ಸೈನ್ಯಕ್ಕೆ ಹೋದ. ಹಿಮದ ಠಾಣೆಯಲ್ಲಿ ಸೀಮೆಎಣ್ಣೆಯ ಕ್ಯಾನು ಹೊತ್ತು ನಡೆಯುವಾಗ ಜಾರಿ ಬಿದ್ದು ಬೆನ್ನುಮೂಳೆಯ ಡಿಸ್ಕ್ ಸರಿಯಿತು. ಕೊನೆಗೆ ನೌಕರಿಯಿಂದ ಬಿಡುಗಡೆ ಮಾಡಿ ಕಳಿಸಿದರು. ಅಂಗವೈಕಲ್ಯ ಪಿಂಚಣಿ ಮಾತ್ರ ಸಿಗಲಿಲ್ಲ. ಬೆನ್ನುನೋವು ಸೇನೆ ಸೇರುವ ಮೊದಲೇ ಇತ್ತು ಎಂಬುದು ವೈದ್ಯಕೀಯ ಮಂಡಳಿಯ ತೀರ್ಮಾನ. ಈಗ ಅದರ ವಿರುದ್ಧ ಮೇಲ್ಮನವಿ ಹಾಕಬೇಕು. ಬಿದ್ದದ್ದನ್ನು ಕಂಡ ಜೊತೆಗಾರನೊಬ್ಬ ಹೇಳಿಕೆ ಕೊಟ್ಟಿದ್ದಾನೆ. ಉಳಿದ ತೊಡಕು ಒಂದೇ, ಬೆನ್ನ ಮೇಲಿನ ಬರೆ.

ಭಾಲ್ಕಿ ಬಸ್ ನಿಲ್ದಾಣದಲ್ಲಿ ಅವನು ಕಂಬಕ್ಕೆ ಒರಗಿ ನಿಂತಿದ್ದ. ಸ್ವೆಟರಿನ ಕೆಳಗೆ ಸೊಂಟದ ಪಟ್ಟಿ ಉಬ್ಬಿ ಕಾಣುತ್ತಿತ್ತು. ಚಹಾ ಕುಡಿಯುವಾಗ ಕೇಳಿದೆ, "ಡಾಕ್ಟರಿಗೆ ಸಣ್ಣಾಂವಿದ್ದಾಗ ಬರಿ ಹಾಕ್ಯಾರ ಅಂತ ಯಾಕ ಹೇಳಿದಿ?"

"ಮತ್ತೇನ್ ಹೇಳಲೋ? ಬಿದ್ದ ಮ್ಯಾಲೆ ಸೂಟಿಗಿ ಬಂದಾಗ ಅಣ್ಣನ ಕೈಲೆ ಬೆನ್ನು ಸುಡಿಸಿಕೊಂಡೆ ಅಂತ ಸಾಹೇಬ್ರ ಮುಂದ ಹ್ಯಾಂಗ ಹೇಳ್ಲಿ? ದವಾಖಾನಿ ಬಿಟ್ಟು ಇದೇನ್ ಮಾಡ್ಕೊಂಡಿ ಅಂತ ಶಿಕ್ಷಾ ಕೊಟ್ಟಾರಂತ ಅಂಜಿದೆ. ನಮ್ಮಲ್ಲಿ ಹುಟ್ಟಿದ ಕೂಸಿಗೆಲ್ಲ ಒಂದಿಲ್ಲೊಂದು ಬರಿ ಇರ್ತದ. ಇದೂ ಅದರಾಗ ಹೋಗ್ತದ ಅಂದ್ಕೊಂಡೆ."

ಯಾತಕ್ಕೆ ಹಾಕಿದ್ದು ಎಂದು ಡಾಕ್ಟರು ಕೇಳಿದಾಗ ಮಾತ್ರ ನಿಜ ಹೇಳಿದ್ದ: ಬೆನ್ನುನೋವಿಗೆ. ಆ ಒಂದು ನಿಜವೂ ಒಂದು ಸುಳ್ಳೂ ಕೂಡಿ ಅವನನ್ನು ಕೆಡವಿದವು.

ಕಮಲನಗರದವರೆಗೆ ಅವನು ನಿಂತೇ ಬಂದ. ಕೂತರೆ ಎಡಗಾಲು ಜೋಮು ಹಿಡಿಯುತ್ತದಂತೆ. "ಸೀಟ್ ಖಾಲಿ ಅದ, ಕೂಡ್ರಿ ಕಾಕಾ, ದಾರಿ ಬಿಡ್ರಿ," ಎಂದು ಕಂಡಕ್ಟರ್ ಗದರಿದ. ಮಾಳಪ್ಪ ನಕ್ಕು ಬಾಗಿಲ ಕಡೆ ಸರಿದ. ಕಮಲನಗರದಲ್ಲಿ ಬಸ್ಸು ಬದಲಿಸುವ ಮುನ್ನ ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿಂದೆವು. ಸುತ್ತ ಅರ್ಧ ಮರಾಠಿ, ಅರ್ಧ ಕನ್ನಡ. ಮುಂದೆ ಔರಾದಿನ ದಾರಿಯಲ್ಲಿ ಎರಡೂ ಕಡೆ ಕಪ್ಪು ನೆಲ, ಒಣಗಿದ ತೊಗರಿ, ತೆನೆ ಬಿಟ್ಟ ಬಿಳಿಜೋಳ.

ಅವನ ಅಣ್ಣ ಬೀರಪ್ಪನ ಮನೆ ಔರಾದಿನ ಹೊರಗೆ, ಕುರಿದೊಡ್ಡಿಯ ಪಕ್ಕದಲ್ಲಿದೆ. ಬರೆ ಹಾಕಿದವನು ಅವನೇ; ಅವನನ್ನೂ ವಕೀಲರ ಬಳಿ ಕರೆದೊಯ್ಯಲು ಬಂದಿದ್ದೆವು. ನಾವು ಬಂದ ಕಾರಣ ಕೇಳಿದ್ದೇ ಎದ್ದು ನಿಂತ.

"ನಾ ಒಲ್ಲೆಪ್ಪ. ಬರಿ ಹಾಕಿದ್ದು ಖರೆ ಅಂದ್ರ ನನ್ನ ಒಳಗ ಹಾಕ್ತಾರ."

"ನೀವು ಬರೋದು ಬ್ಯಾಡ್ರಿ," ಎಂದೆ. "ನಾನ ಹೇಳ್ತೇನಿ. ಕಾಲು ಹಿಡಿದಾಂವ ನಾನೇ ಅಲ್ಲೇನು."

ರೊಟ್ಟಿ ಬಡಿಯುತ್ತಿದ್ದ ಬೀರಪ್ಪನ ಹೆಂಡತಿಯ ಕೈ ನಿಂತಿತು. "ಯಾರು, ನೀವಾ ಮಾಸ್ತರ? ನೀವು ಎಲ್ಲಿದ್ರಿ? ಮರುದಿನ ಬಂದು, ಇಂವ ಹೇಳಿದ್ದೆಲ್ಲ ಕೇಳಿ, ಎರಡು ರೊಟ್ಟಿ ಉಂಡು ಹೋದ್ರಿ. ಕಾಲು ಹಿಡಿದಾಕಿ ನಾನು."

"ಇಲ್ಲ ವೈನಿ, ನನಗ ಸುಟ್ಟ ವಾಸನಿ ಸುದ್ದಾ ನೆನಪದ."

"ವಾಸನಿ ನಿಮಗ ನೆನಪದ. ಒದಿಸಿಕೊಂಡಿದ್ದು ನನಗ ನೆನಪದ. ನೋಡ್ರಿ ಇಲ್ಲಿ," ಎಂದು ಅರ್ಧ ಮುರಿದ ಮುಂದಿನ ಹಲ್ಲು ತೋರಿಸಿದರು. "ಹೊಸಾ ಮದಲಗಿತ್ತಿ ನಾನು. ನಮ್ಮ ಮದುವಿಗಿ ಇಂವಗ ಸೂಟಿ ಸಿಕ್ಕಿರಲಿಲ್ಲ. ಮಿಲಿಟರಿ ಮೈದುನ ಬರ್ತಾನ ಅಂತ ಸೀರಿ ಬದಲಿಸಿ ಕುಂತಿದ್ದೆ. ಮೊದಲ ಸಲ ಮಾರಿ ನೋಡಿದ ದಿನಾನೇ ಹಲ್ಲು ಮುರದ!"

ಬೀರಪ್ಪ ನಕ್ಕುಬಿಟ್ಟ. ನಾನು ನಗಲಿಲ್ಲ. ಸಾಕ್ಷ್ಯವಿಲ್ಲದ್ದನ್ನು ನಂಬಬೇಡಿ ಎಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ನಾನು. ಆ ಕಾಲುಗಳ ಒದ್ದಾಟ ನನ್ನ ಅಂಗೈಯಲ್ಲಿ ಈಗಲೂ ಇತ್ತು. ಅದು ನಾನು ಕಂಡದ್ದಲ್ಲ, ಮಾಳಪ್ಪನ ಬಾಯಿಂದ ಕೇಳಿದ್ದಾಗಿತ್ತು. ಆದರೆ ಇನ್ನೊಂದೂ ಹೊಳೆಯಿತು. ವೈನಿ ಅತ್ತಿಗೆಯಾಗಿ ಈ ಮನೆಗೆ ಬಂದಾಗ ಮಾಳಪ್ಪ ಆಗಲೇ ಸೈನಿಕ. ಹಾಗಾದರೆ ಅವರು ಕಂಡ ಬರೆ ಬಾಲ್ಯದ್ದಾಗಿರಲು ಸಾಧ್ಯವೇ ಇಲ್ಲ.

"ವೈನಿ, ಇಷ್ಟು ವಕೀಲ್ರ ಮುಂದ ಹೇಳ್ತೀರೇನು?"

"ಯಾಕ ಹೇಳಬಾರದು? ಇವ್ರಿಗೆ ಅಂಜಿಕಿ. ನನಗ ಬಸ್ಸು ಫುಕಟ. ಆಧಾರ ಕಾರ್ಡ್ ತಗೊಂಡು ಬರ್ತೇನಿ."

ಮಾಳಪ್ಪ ಮಾತ್ರ ಉಣ್ಣದೆ ದೊಡ್ಡಿಯ ಬಳಿ ನಿಂತಿದ್ದ. ಹತ್ತಿರ ಹೋದೆ. "ಆಕಿ ಖರೆ ಹೇಳಿದ್ರ, ನಾ ಸುಳ್ಳ ಹೇಳೀನಿ ಅಂತ ನಾನೇ ಒಪ್ಪಬೇಕಲ್ಲೋ," ಎಂದ.

ಮರುದಿನ ಸಂತಪುರದ ಮೇಲೆ ಬೀದರಿಗೆ ಹೊರಟೆವು. ವೈನಿಗೆ ಉಚಿತ ಟಿಕೆಟ್ಟು, ನಮಗಿಬ್ಬರಿಗೆ ದುಡ್ಡಿನದು. ಈ ಸಲವೂ ಕಂಡಕ್ಟರ್ ಕೂಡ್ರಿ ಎಂದ. "ಅಂವಗ ಕೂಡಾಕ ಬರಂಗಿಲ್ಲಪ್ಪ, ಬೆನ್ನು ಮುರಕೊಂಡು ಬಂದಾನ ಮಿಲಿಟರಿಯಿಂದ," ಎಂದು ವೈನಿ ಬಸ್ಸಿಗೆಲ್ಲ ಕೇಳುವಂತೆ ಹೇಳಿದರು. ಮಾಳಪ್ಪ ಕಿಟಕಿಯಾಚೆ ಮುಖ ತಿರುಗಿಸಿದ. ಆಮೇಲೆ ಯಾರೂ ಅವನಿಗೆ ಕೂರಲು ಹೇಳಲಿಲ್ಲ.

ವಕೀಲರ ಕೋಣೆಯಲ್ಲಿ ಕುರ್ಚಿ ಎರಡೇ. "ಬರೆ ಹಾಕಿದಾಗ ಇದ್ದ ಸಾಕ್ಷಿ ನೀವೇನ್ರಿ?" ಎಂದು ನನ್ನನ್ನು ಕೇಳಿದರು.

"ಅಲ್ಲ. ನಾನು ಇರಲಿಲ್ಲ," ಎಂದು ಹಿಂದೆ ಸರಿದೆ.

ವೈನಿ ಮುಂದೆ ಬಂದು ತುಟಿ ಎತ್ತಿದರು. "ಮೊದಲ ಈ ಹಲ್ಲು ಬರಕೋರಿ ಸಾಹೇಬ್ರ."

ವಕೀಲರು ಏನೂ ತಿಳಿಯದೆ ನಮ್ಮೆಲ್ಲರ ಮುಖ ನೋಡಿದರು. ಗೋಡೆಗೆ ಒರಗಿದ್ದ ಮಾಳಪ್ಪ ನೆಟ್ಟಗಾದ. ಹಾಗೆ ನಿಲ್ಲಲು ಅವನಿಗೆ ಎಷ್ಟು ನೋವೆಂದು ಎರಡು ದಿನದಲ್ಲಿ ನಾನು ಕಂಡಿದ್ದೆ.

"ಒದ್ದಾಂವ ನಾನ್ರಿ," ಎಂದ. "ಡಾಕ್ಟರ್ ಸಾಹೇಬ್ರಿಗೆ ಸುಳ್ಳ ಹೇಳಿದಾಂವನೂ ನಾನ. ಬರಕೋರಿ."

ಸಂಜೆ ವೈನಿಯನ್ನು ಔರಾದಿನ ಬಸ್ಸಿಗೆ, ಅವನನ್ನು ಭಾಲ್ಕಿಯ ಬಸ್ಸಿಗೆ ಹತ್ತಿಸಿದೆ. ಅವನ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದ. ಸುತ್ತ ಸೀಟುಗಳೆಲ್ಲ ಖಾಲಿ. ಸರಳು ಹಿಡಿದು ಒಬ್ಬನೇ ನಿಂತಿದ್ದ.