ಮಿಲಿಮೀಟರ್ ಮೇಡಂ

ನಗರದ ಹುಡುಗ ಹುಡುಗಿಯರಿಗೆ ಮರಗೆಲಸ ಕಲಿಸುವ ಕೇಂದ್ರದ ಶಿಕ್ಷಕಿಗೆ ಮಿಲಿಮೀಟರ್ ಮೇಡಂ ಎಂದೇ ಹೆಸರು. ಕಿವಿಯ ಮೇಲೆ ಪೆನ್ಸಿಲ್, ಮೂಗಿನ ತುದಿಯಲ್ಲಿ ಕೋಪ. ಗಂಡ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದರೂ ನೆಟ್ಟಗಿದೆಯೇ ಎಂದು ರಸಮಟ್ಟ ಹಿಡಿದು ನೋಡುತ್ತಾರಂತೆ. ಶಿಷ್ಯರ ಸ್ಟೂಲು ಕೂದಲೆಳೆಯಷ್ಟು ಅಲುಗಿದರೆ ಸಾಕು, "ಇದೇನು ಸ್ಟೂಲೋ ತೊಟ್ಟಿಲೋ? ಬಿಚ್ಚು!" ಎನ್ನುತ್ತಾರೆ. ಆದರೆ ಅವರು ಕೂರುವ ಸ್ಟೂಲೇ ಕುಂಟು. ಪಾಠದುದ್ದಕ್ಕೂ ಟಕಟಕ ಎನ್ನುತ್ತದೆ. ತನ್ನ ಸ್ಟೂಲನ್ನು ಮೂರು ಸಲ ಬಿಚ್ಚಿ ಬೇಸತ್ತ ಹುಡುಗಿಯೊಬ್ಬಳು, ನಾಳೆಯಿಂದ ಬರುವುದೇ ಇಲ್ಲವೆಂದು ಚೀಲ ಹೆಗಲಿಗೇರಿಸಿ, "ನಿಮ್ದೂ ಅಲ್ಲಾಡುತ್ತಲ್ಲ ಮೇಡಂ, ಅದನ್ಯಾಕೆ ಬಿಚ್ಚಲ್ಲ?" ಎಂದು ಕೇಳಿಯೇಬಿಟ್ಟಳು. ಮೇಡಂ ಸ್ಟೂಲಿನ ಅಂಚು ಸವರಿದರು. "ನಾನು ಮೊದಲು ಮಾಡಿದ್ದು ಕಣೇ ಇದು. ನಮ್ಮ ಮೇಷ್ಟ್ರು ನಾಲ್ಕು ಸಲ ಬಿಚ್ಚಿಸಿದ್ರು. ಐದನೇ ಸಲ ಇನ್ನೂ ಅಲ್ಲಾಡ್ತಿದ್ರೂ ಬಿಚ್ಚು ಅನ್ನದೆ ಇದರ ಮೇಲೆ ಕೂತ್ರು ನೋಡು, ರಿಟೈರ್ ಆಗೋವರೆಗೂ ಬೇರೆ ಸ್ಟೂಲ್ ಮುಟ್ಟಲಿಲ್ಲ."